ಕಾಣದವನ ಕಣ್ಣು

ಎಚ್. ಜಿ. ವೆಲ್ಸ್ ಅವರು 1897ರಲ್ಲಿ ಪ್ರಕಟಿಸಿದ 'ದಿ ಇನ್‌ವಿಸಿಬಲ್ ಮ್ಯಾನ್' ಕಾದಂಬರಿಯ ಗ್ರಿಫಿನ್ ಮಂತ್ರವಾದಿಯಲ್ಲ, ವಿಜ್ಞಾನಿ. ದೇಹದ ವಕ್ರೀಭವನಾಂಕವನ್ನು ಗಾಳಿಯದಕ್ಕೆ ಸಮನಾಗಿಸಿಕೊಂಡು ಆತ ಅದೃಶ್ಯನಾಗುತ್ತಾನೆ. ನೀರಿನಲ್ಲಿ ಗಾಜು ಮಸಕಾಗುವುದನ್ನು ಬಲ್ಲ ಓದುಗ ಇದನ್ನು ಥಟ್ಟನೆ ಒಪ್ಪುತ್ತಾನೆ. ಕಥೆಯ ಬಲ ಇಲ್ಲಿದೆ. ದೋಷವೂ ಇಲ್ಲಿಯೇ ಇದೆ. ಅಕ್ಷಿಪಟದ ಹಿಂದೆ ತುಸು ಬಣ್ಣ ಉಳಿಯಿತೆಂದು ವೆಲ್ಸ್ ಸಮಾಧಾನ ಹೇಳುತ್ತಾರೆ. ಆದರೆ ಗಾಳಿಯಂತಾದ ಮಸೂರ ಬೆಳಕನ್ನು ಬಾಗಿಸದು, ಬಿಂಬ ಮೂಡಿಸದು. ಗ್ರಿಫಿನ್ ಕುರುಡನಾಗಬೇಕಿತ್ತು.

2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಸ್ಮಿತ್, ಡೇವಿಡ್ ಶೂರಿಗ್ ಮೊದಲಾದವರು ಇಂಗ್ಲೆಂಡಿನ ಜಾನ್ ಪೆಂಡ್ರಿಯವರ ಕಲ್ಪನೆಯನ್ನು ಹಿಡಿದು ಬೇರೆ ದಾರಿ ತುಳಿದರು. ತರಂಗದ ಉದ್ದಕ್ಕಿಂತ ಬಹು ಚಿಕ್ಕದಾದ ತಾಮ್ರದ ಸೀಳುಂಗುರಗಳನ್ನು ಸುತ್ತುಸುತ್ತಾಗಿ ಜೋಡಿಸಿದರು. ಬಂಡೆಯನ್ನು ಬಳಸಿ ಹರಿಯುವ ಹೊಳೆಯಂತೆ, ಮೈಕ್ರೋವೇವ್ ತರಂಗಗಳು ನಡುವಿನ ತಾಮ್ರದ ಉರುಳೆಯನ್ನು ಬಳಸಿ ಸಾಗಿದವು. ಇಂಥ ರಚಿತ ವಸ್ತುವಿಗೆ ಮೆಟಾಮೆಟೀರಿಯಲ್ ಎಂದು ಹೆಸರು. ಮರೆ ಪೂರ್ಣವಾಗಿರಲಿಲ್ಲ, ನೆರಳೂ ಪ್ರತಿಫಲನವೂ ತಗ್ಗಿದವು, ಅಷ್ಟೆ. ಕಣ್ಣಿಗೆ ಕಾಣುವ ಬೆಳಕಿಗಂತೂ ಅದು ಸಲ್ಲದು. ಅದನ್ನು 'ಅದೃಶ್ಯ ಹೊದಿಕೆ' ಎಂದವರು ವಿಜ್ಞಾನಕ್ಕಿಂತ ಕಾದಂಬರಿಗೇ ಹೆಚ್ಚು ಋಣಿಗಳು.

ಆದರೂ ಎರಡು ದಾರಿಗಳೂ ಕೂಡುವುದು ಒಂದೇ ಕಡೆ. ತರಂಗಗಳೆಲ್ಲ ಬಳಸಿಹೋದರೆ ಒಳಗಿದ್ದವನಿಗೆ ತಲುಪುವುದೇನು? ಅವನಿಗೂ ಕತ್ತಲೆಯೇ.

ಈ ಸತ್ಯವನ್ನು ವೆಲ್ಸ್ ಶರೀರದ ಮಟ್ಟಿಗೆ ತೇಲಿಸಿಬಿಟ್ಟರು, ಮನಸ್ಸಿನ ಮಟ್ಟಿಗೆ ಬಿಡಲಿಲ್ಲ. ತಂದೆಯ ಬಳಿಯಿದ್ದ ಪರರ ಹಣವನ್ನು ಕದ್ದು, ಆತನ ಆತ್ಮಹತ್ಯೆಗೂ ಮರುಗದ ಗ್ರಿಫಿನ್, ಅದೃಶ್ಯನಾಗುವ ಮೊದಲೇ ಕುರುಡ. ಕಡೆಗೆ ಜನರ ಏಟಿಗೆ ಸತ್ತು ಬಿದ್ದಾಗ ಅವನ ದೇಹ ಮತ್ತೆ ಕಾಣತೊಡಗುತ್ತದೆ. ದೃಗ್ವಿಜ್ಞಾನದಲ್ಲಿ ಎಡವಿದ ಕಾದಂಬರಿ ಮನುಷ್ಯನನ್ನು ಅರಿಯುವುದರಲ್ಲಿ ಎಡವಲಿಲ್ಲ. ಇಂದಿಗೂ ಅದನ್ನು ಓದಬೇಕಾದದ್ದು ಇದಕ್ಕಾಗಿ.