ಹೊಗೆ ಇದೆ, ಬೆಂಕಿ ಎಲ್ಲಿ?

ವಾದ್ಯಗಳ ಫೋಟೋಗಳಲ್ಲಿ ಒಂದು ಬಗೆಯ ಬೆಳಕು ರೂಢಿಯಾಗಿಬಿಟ್ಟಿದೆ. ಹಿಂದೆ ಕರಿಬಟ್ಟೆ, ಪಕ್ಕದಿಂದ ಒಂದೇ ಹೊಂಬಣ್ಣದ ದೀಪ, ಬೇಕಾದರೆ ಯಂತ್ರದಿಂದ ಬಿಟ್ಟ ಹೊಗೆ. ಈ ಬೆಳಕಿನಲ್ಲಿ ವೀಣೆ ಗರ್ಭಗುಡಿಯ ಮೂರ್ತಿಯಂತೆ ಕಾಣುತ್ತದೆ. ಇದನ್ನು 'ವಾತಾವರಣ' ಅನ್ನುತ್ತಾರೆ. ಯಾರ ವಾತಾವರಣ ಎಂಬುದು ನನ್ನ ತಕರಾರು.

ನಾನು ಪಾಠ ಮಾಡುವ ಕಾಲೇಜಿನ ಉತ್ಸವದ ಭಿತ್ತಿಪತ್ರಕ್ಕೆ ತಮಟೆಯೊಂದನ್ನು ಹೀಗೇ ತೆಗೆದಿದ್ದರು. ಸುತ್ತ ಹೊಗೆ, ಕೆಂಪು ಬೆಳಕು. ನನಗೂ ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ. ಊರಿಗೆ ಒಯ್ದು ತಾತನಿಗೆ ತೋರಿಸಿದೆ. ಅರವತ್ತು ವರ್ಷ ಹಬ್ಬಕ್ಕೂ ಹೆಣಕ್ಕೂ ಬಡಿದ ಕೈ ಅದು. ಕಣ್ಣ ಹತ್ತಿರ ಹಿಡಿದು, 'ಹೊಗೆ ಬಿಟ್ಟವ್ರೆ, ಬೆಂಕಿ ಎಲ್ಲೋ? ಕಾಸ್ದೇ ಇದು ನುಡೀತೈತಾ?' ಅಂದ.

ವಿಮರ್ಶೆ ಅಂದರೆ ಇದು. ತಮಟೆಯ ತೊಗಲು ತಂಪಿಗೆ ಸಡಿಲವಾಗುತ್ತದೆ. ಹುಲ್ಲೋ ಸೋಗೆಯೋ ಉರಿಸಿ ಕಾಸಿದರೆ ತೇವ ಆರಿ ಬಿಗಿಯುತ್ತದೆ, ಆಗ ನಾದ. ಬೆಂಕಿಯೇ ತಮಟೆಯ ಶ್ರುತಿ. ಈ ಚಿತ್ರ ಶ್ರುತಿಯನ್ನು ಕಿತ್ತು ಅಲಂಕಾರವನ್ನಷ್ಟೇ ಇಟ್ಟುಕೊಂಡಿದೆ, ಕಾಸುವ ಕೈಯನ್ನು ಕತ್ತಲಿಗೆ ತಳ್ಳಿದೆ.

ಈ ಕತ್ತಲು ತಮಟೆಗೆ ಮಾತ್ರ ಮೀಸಲಲ್ಲ. ಮೃದಂಗದ ಬಾಯಿಗೆ ಹಸು, ಎಮ್ಮೆ, ಮೇಕೆಗಳ ಚರ್ಮ ಬೇಕು. ಅದನ್ನು ಮಾಡುವವರಲ್ಲಿ ಬಹಳ ಮಂದಿ ದಲಿತ ಕ್ರೈಸ್ತರು. ಅವರನ್ನು ಕುರಿತು ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ತಂದರು. ಬಿಡುಗಡೆಗೆ ಸಭಾಂಗಣ ಕೊಡಲು ಒಪ್ಪಿದ್ದ ಚೆನ್ನೈನ ಕಲಾಕ್ಷೇತ್ರ ಆಮೇಲೆ ಒಪ್ಪಿಗೆ ಹಿಂತೆಗೆದುಕೊಂಡಿತು. ನಾದ ಬೇಕು, ತೊಗಲಿನ ಮಾತು ಬೇಡ. ಫೋಟೋದ ಕತ್ತಲೂ ಸಭಾಂಗಣದ ಬಾಗಿಲೂ ಮಾಡುವುದು ಒಂದೇ ಕೆಲಸ.

ಹಾಗಂತ ಇಂಥ ಬೆಳಕೇ ಬೇಡ ಅಂದರೆ ಸೌಂದರ್ಯವನ್ನು ಅವರಿಗೇ ಬಿಟ್ಟುಕೊಟ್ಟ ಹಾಗೆ. ಓರೆಯಾಗಿ ಬೀಳುವ ಬೆಳಕು ಸಣ್ಣ ಉಬ್ಬುತಗ್ಗಿಗೂ ನೆರಳು ಕೊಡುತ್ತದೆ. ಅದೇ ದೀಪವನ್ನು ಇನ್ನಷ್ಟು ಓರೆಗಿಟ್ಟರೆ ತೊಗಲು ಹೆರೆದ ಗೆರೆ, ಬಿಗಿದ ಗಂಟು, ಕೋಲು ಬಿದ್ದು ಸವೆದ ಜಾಗ ಎದ್ದುಬರುತ್ತವೆ. ದುಡಿಮೆಗೂ ಒಂದು ಚೆಲುವಿದೆ. ಅದನ್ನು ಕಾಣಿಸುವ ಕೋನ ಬೇಕು, ಅಷ್ಟೆ.

2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ತಮಟೆ ಬಾರಿಸುವವನಿಗೆ ಹೆಸರಿದೆ ಅಂತ ದೆಹಲಿಗೂ ಗೊತ್ತಾಯಿತು. ನಮ್ಮ ಭಿತ್ತಿಪತ್ರಕ್ಕೆ ಇನ್ನೂ ಗೊತ್ತಾಗಿಲ್ಲ. ಮುಂದಿನ ಸಲ ಹೊಗೆಯಂತ್ರ ತರಬೇಡಿ. ತಾತ ಹುಲ್ಲು ಹೊತ್ತಿಸುತ್ತಾನೆ. ಆ ಉರಿಯ ಬೆಳಕಲ್ಲೇ ತೆಗೆಯಿರಿ, ಅವನ ಮುಖವೂ ಚೌಕಟ್ಟಿನೊಳಗಿರಲಿ, ಕೆಳಗೆ ಹೆಸರಿರಲಿ.