ಮುಚ್ಚಿದ್ದೋ, ಕೊಂದಿದ್ದೋ?

ಬ್ಯಾಕ್ಟೀರಿಯಾ ಕೊಲ್ಲುವ ಹೈಡ್ರೋಜೆಲ್‌ಗಳನ್ನು ಆಂಟಿಬಯಾಟಿಕ್‌ಗಳ ಉತ್ತರಾಧಿಕಾರಿಗಳೆಂದು ಕೊಂಡಾಡುವುದು ರೂಢಿಯಾಗಿಬಿಟ್ಟಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಜೆಲ್ ಮೆಚ್ಚಬೇಕಾದದ್ದು ಬೇರೊಂದು ಗುಣಕ್ಕೆ. ಕೈಟೋಸಾನ್‌ಗೆ ಧನ ವಿದ್ಯುದಂಶ ಕೂಡಿಸಿದ ಪಾಲಿಮರ್ ಒಂದು, ಡೆಕ್ಸ್‌ಟ್ರಾನ್‌ನಿಂದ ಮಾಡಿದ ಅಂಟು ಇನ್ನೊಂದು; ಎರಡೂ ಗಾಯದಲ್ಲೇ ಬೆರೆತು ಹೆಪ್ಪುಗಟ್ಟುತ್ತವೆ. ಇಲ್ಲಿ ಜೆಲ್ಲೇ ಮದ್ದು: ತಗುಲಿದ ಬ್ಯಾಕ್ಟೀರಿಯಾದ ಪೊರೆ ಹರಿದು ಸಾಯುತ್ತದೆ, ತಗುಲದ್ದು ಉಳಿಯುತ್ತದೆ. ಹೊಗಳುವವರು ಮರೆಯುವ ಈ ಮಿತಿಯೇ ಅದರ ಶಕ್ತಿ.

ಅವರ ಒಂದು ಪ್ರಯೋಗವನ್ನು ನಿಧಾನವಾಗಿ ಓದಬೇಕು. ಇಲಿಗಳ ಕುರುಡುಗರುಳನ್ನು ಕಟ್ಟಿ ಚುಚ್ಚಿದರು. ಕರುಳಿನ ಬ್ಯಾಕ್ಟೀರಿಯಾ ಹೊಟ್ಟೆಗೆ ಸೋರಿ ನಂಜೇರುವುದು ಈ ಮಾದರಿಯ ಸ್ವಭಾವ. ಜೆಲ್ ಇಲ್ಲದವುಗಳಲ್ಲಿ ಉಳಿದದ್ದು ಶೇ. 12.5, ಚುಚ್ಚಿದ ಜಾಗಕ್ಕೆ ಜೆಲ್ ಸೇರಿಸಿದಾಗ ಶೇ. 62.5. ನಡುವಿನ 50 ಅಂಶಗಳ ಯಶಸ್ಸು ಯಾರದ್ದು? ಜೆಲ್ ಅಂಟಿ ತೂತು ಮುಚ್ಚಿದೆ, ಮುಟ್ಟಿದ್ದನ್ನು ಕೊಂದೂ ಇದೆ. ಈ ಎರಡು ಅಂಕಿಗಳಷ್ಟೇ ಎರಡು ಕೆಲಸಗಳನ್ನು ಬೇರ್ಪಡಿಸಲಾರವು. ಅಂಟುವ, ಆದರೆ ಕೊಲ್ಲದ ಜೆಲ್ ಪಕ್ಕದಲ್ಲಿದ್ದರೆ ಮಾತ್ರ ಲೆಕ್ಕ ಸ್ಪಷ್ಟವಾದೀತು.

ಪ್ರಾಣ ಉಳಿದರಾಯಿತು, ಕಾರಣ ಯಾವುದಾದರೇನು ಎನ್ನಬಹುದು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಆ ಮಾತು ಸರಿ. ಆದರೆ ಬಸವನ ಬಾಗೇವಾಡಿ ಸೀಮೆಯ ಮನಗೂಳಿಯಲ್ಲಿ ಜೋಳದ ಕೂಳೆ ತುಳಿದು ಹೊಲದಿಂದ ಬಂದವರ ಕಾಲಿನಲ್ಲಿ ಮುಚ್ಚಬೇಕಾದ ಸೋರಿಕೆ ಇಲ್ಲ. ಮಣ್ಣು, ರಕ್ತ, ಕೀವು ಇವೆ. ಅಲ್ಲಿ ಕೊಲ್ಲುವ ಗುಣ ಒಂದೇ ನಿಲ್ಲಬೇಕು. ರಕ್ತದ ಪ್ರೋಟೀನುಗಳು ಜೆಲ್ಲಿನ ಧನ ವಿದ್ಯುದಂಶವನ್ನು ಮುಸುಕಿದರೆ ಎಷ್ಟು ಉಳಿದೀತು ಎಂಬುದು ಅಲ್ಲಿ ಪ್ರಾಣದ ಪ್ರಶ್ನೆ. ಧನುರ್ವಾಯುವಿನ ಲಸಿಕೆಗೂ ಇದು ಬದಲಿಯಲ್ಲ.

ಪೊರೆ ಹರಿಯುವ ಮದ್ದಿಗೆ ಪ್ರತಿರೋಧ ಬರುವುದೇ ಇಲ್ಲವೆಂಬ ಹೊಗಳುವವರ ಭರವಸೆಯನ್ನೂ ಒಪ್ಪಲಾರೆ. ಇದೇ ರಾಸಾಯನಿಕ ಕುಲದ ಸೋಂಕುನಾಶಕಗಳನ್ನು ಹೊರದಬ್ಬುವ ಜೀನ್‌ಗಳು ಸ್ಟಾಫಿಲೊಕಾಕಸ್‌ನಲ್ಲಿ ಈಗಾಗಲೇ ಇವೆ. ಜೆಲ್ಲಿಗೆ ಬೆಸೆದ ಉದ್ದನೆಯ ಪಾಲಿಮರನ್ನು ಅವು ದಬ್ಬಲಾರವೆಂಬ ವಾದ ಸಮಂಜಸವೇ. ಆದರೆ ಸಮಂಜಸವಾದ ಊಹೆಯನ್ನು ಖಾತರಿಯೆಂದು ಮಾರಬಾರದು. ಹಾಗೆ ನಂಬಿಯೇ ಆಂಟಿಬಯಾಟಿಕ್‌ಗಳನ್ನು ಪೋಲುಮಾಡಿದ್ದೇವೆ.

ಹಾಗಾದರೆ ಈ ಕೆಲಸದ ಬೆಲೆ ಏನು? ಹಾಕಿದಲ್ಲೇ ನಿಂತು, ಮೈಯೆಲ್ಲ ಮದ್ದು ಹರಡದೆ, ಸೋಂಕು ಬೇರೂರುವ ಮೊದಲೇ ತಡೆಯಬಹುದೆಂಬ ದಾರಿಯನ್ನು ಅದು ತೋರಿಸಿದೆ. ಆಂಟಿಬಯಾಟಿಕ್‌ಗಳ ಸಿಂಹಾಸನ ಅದಕ್ಕೆ ಬೇಡ. ಅವುಗಳ ಬಳಕೆಯನ್ನು ಕಡಿಮೆ ಮಾಡಿದರೆ ಅದೇ ದೊಡ್ಡ ಉಪಕಾರ. ಇಲಿಯ ಹೊಟ್ಟೆಯಲ್ಲಿ ಗೆದ್ದದ್ದು ರೈತನ ಅಂಗಾಲಿನಲ್ಲೂ ಗೆದ್ದಾಗ ಮಾತ್ರ ಅದನ್ನು ಚಿಕಿತ್ಸೆ ಎನ್ನೋಣ.