ಕರಿಬಟ್ಟೆಯೊಳಗಿನ ಗದಗ

1866ರಲ್ಲಿ ಲಂಡನ್ನಿನ ಜಾನ್ ಮರೆ ಪ್ರಕಾಶನದವರು 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್' ಎಂಬ ದೊಡ್ಡ ಆಲ್ಬಮ್ ಹೊರತಂದರು. ಚಿತ್ರಗಳು ಡಾಕ್ಟರ್ ಪಿಗೂ, ನೀಲ್ ಮತ್ತು ಕರ್ನಲ್ ಬಿಗ್ಸ್ ಅವರವು. ಬರಹ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರದು. ಗದಗಿನ ತ್ರಿಕೂಟೇಶ್ವರ ಗುಡಿಯ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನು ಪಿಗೂ 1857ರಲ್ಲಿ ತೆಗೆದ ಚಿತ್ರ ಇದರಲ್ಲಿದೆ. ಇಂಥ ಚಿತ್ರಗಳನ್ನು ಕಂಡಾಗ ನಾವು 'ಎಷ್ಟು ಸ್ಪಷ್ಟ!' ಎಂದು ಬೆರಗಾಗಿ ಸುಮ್ಮನಾಗುತ್ತೇವೆ. ನಾನೂ ಹಾಗೇ ಸುಮ್ಮನಿದ್ದೆ. ಈ ಸ್ಪಷ್ಟತೆಗಾಗಿ ಏನನ್ನು ಬಿಟ್ಟುಕೊಡಲಾಯಿತು ಎಂಬ ಪ್ರಶ್ನೆ ಎದ್ದದ್ದು ಬೆಟಗೇರಿಯ ಹಳೆಯ ಸ್ಟುಡಿಯೋ ಒಂದರಲ್ಲಿ.

ಅಲ್ಲಿನ ಕಾಕಾ ಮೂಲೆಯಲ್ಲಿಟ್ಟಿದ್ದ ಕಟ್ಟಿಗೆಯ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಏರಿಸಿ, ನನ್ನ ತಲೆಯ ಮೇಲೆ ಕರಿಬಟ್ಟೆ ಹೊದಿಸಿದರು. ಮೊದಲು ಏನೂ ಕಾಣಲಿಲ್ಲ. "ಅವಸರ ಮಾಡಬ್ಯಾಡ ತಮ್ಮಾ, ಕಣ್ಣಿಗೆ ಸ್ವಲ್ಪ ಪುರುಸೊತ್ತು ಕೊಡು" ಅಂದರು. ಸ್ವಲ್ಪ ಹೊತ್ತಿಗೆ ಮಸಿಗಾಜಿನ ಮೇಲೆ ಕೋಣೆ ತಲೆಕೆಳಗಾಗಿ ಮೂಡಿತು. ನಡುವೆ ಒಂದಿಷ್ಟು ಬೆಳಕು, ಮೂಲೆಗಳೆಲ್ಲ ಕತ್ತಲು. ಯಾವುದು ಸ್ಪಷ್ಟ, ಯಾವುದು ಮಸುಕು ಎಂದು ಹೇಳಲು ನನಗಾಗಲಿಲ್ಲ. ಆಗ ಕಾಕಾ ಎದುರಿನ ಕುರ್ಚಿಯ ಮೇಲೆ ಒಂದು ಮೇಣದಬತ್ತಿ ಹಚ್ಚಿಟ್ಟರು. ಬೆಲ್ಲೋಸನ್ನು ಹಿಂದೆ ಮುಂದೆ ಸರಿಸುತ್ತ, ಭೂತಗನ್ನಡಿಯಿಂದ ಆ ಜ್ವಾಲೆಯೊಂದನ್ನೇ ನೋಡಬೇಕು. ಜ್ವಾಲೆಯ ಅಂಚು ಚೂಪಾದೊಡನೆ ಸ್ಕ್ರೂ ಬಿಗಿಮಾಡಿ, ಬತ್ತಿ ತೆಗೆದುಬಿಡಬೇಕು. ಕೋಣೆ ಉದ್ದವಿದ್ದರೆ ಹತ್ತಿರಕ್ಕೊಂದು, ದೂರಕ್ಕೊಂದು ಬತ್ತಿಯಿಟ್ಟು, ಎರಡಕ್ಕೂ ಫೋಕಸ್ ನೋಡಿ, ಬೆಲ್ಲೋಸನ್ನು ಆ ಎರಡು ಗುರುತುಗಳ ನಡುವೆ ನಿಲ್ಲಿಸಬೇಕು. ಇಷ್ಟೆಲ್ಲ ಮಾಡುವಾಗ ಲೆನ್ಸ್ ಪೂರ್ತಿ ತೆರೆದಿರಬೇಕು. ಚಿತ್ರ ತೆಗೆಯುವಾಗ ದ್ವಾರವನ್ನು 5.6ರಿಂದ 22ಕ್ಕೆ ಇಳಿಸಿದರೆ ಹಿಂದುಮುಂದಿನದೆಲ್ಲ ಸ್ಪಷ್ಟವಾಗುತ್ತದೆ, ಆದರೆ ಬೆಳಕು 16ರಲ್ಲಿ ಒಂದು ಪಾಲಾಗುತ್ತದೆ. ಒಂದು ಸೆಕೆಂಡಿನ ಕೆಲಸಕ್ಕೆ 16 ಸೆಕೆಂಡು ಬೇಕು. ಅಷ್ಟು ಹೊತ್ತು ಕಲ್ಲು ಕದಲದೆ ನಿಲ್ಲುತ್ತದೆ, ಮನುಷ್ಯ ನಿಲ್ಲಲಾರ.

ಪಿಗೂನ ಪಾಡು ಇನ್ನೂ ಕಷ್ಟದ್ದು. ಆ ಕಾಲದ ನೆಗೆಟಿವ್‌ಗಳಿಗೆ ಮುಟ್ಟುತ್ತಿದ್ದುದು ಹೆಚ್ಚಾಗಿ ನೀಲಿ ಬೆಳಕು. ಗರ್ಭಗುಡಿಯ ಎಣ್ಣೆದೀಪದ ಹಳದಿ ಬೆಳಕು ಅವುಗಳ ಪಾಲಿಗೆ ಹೆಚ್ಚುಕಡಿಮೆ ಕತ್ತಲೆಯೇ. ಜೊತೆಗೆ ಹಳೆಯ ಲೆನ್ಸುಗಳಲ್ಲಿ ಕಣ್ಣಿಗೆ ಚೂಪಾಗಿ ಕಾಣುವ ಜಾಗವೊಂದು, ನೆಗೆಟಿವ್ ಮೇಲೆ ಚೂಪಾಗಿ ಬೀಳುವ ಜಾಗ ಇನ್ನೊಂದು ಆಗಿರುತ್ತಿತ್ತು. ನೋಡಿದ್ದನ್ನೇ ನಂಬುವಂತಿರಲಿಲ್ಲ. (ಉರ್ದುವಿನ 'ಧುಂಧಲ್ಕಾ' ಎಂಬ ಮಾತು ಮುಸ್ಸಂಜೆಗೂ ಸಲ್ಲುತ್ತದೆ, ಮಸುಕಿಗೂ ಸಲ್ಲುತ್ತದೆ. ಆ ಡಾಕ್ಟರನಿಗೆ ಇದು ಗೊತ್ತಿದ್ದರೆ ಒಪ್ಪುತ್ತಿದ್ದನೇನೋ.) ಹೀಗಾಗಿ ಹಗಲು ಬೆಳಕು ಬೀಳುವ ಮುಖಮಂಟಪ ಮತ್ತು ಕೆತ್ತನೆಯ ಕಂಬಗಳು ಸುಲಭಕ್ಕೆ ಒದಗಿದವು. ಒಳಗಿನ ದೀಪ, ಹೊಗೆ, ಸುತ್ತು ಬರುವ ಹೆಂಗಸರು ಒದಗುವಂತಿರಲಿಲ್ಲ. ಅಲುಗಾಡದೆ ನಿಲ್ಲು ಎಂದರೆ ನಿಲ್ಲುವವನಷ್ಟೇ ಇಂಥ ಚಿತ್ರದಲ್ಲಿ ಉಳಿಯುತ್ತಾನೆ, ಅದೂ ಕಂಬದ ಎತ್ತರ ತಿಳಿಸುವ ಅಳತೆಗೋಲಾಗಿ.

ಇದಕ್ಕೆ ಪಿಗೂನನ್ನು ದೂರುವುದು ಅನ್ಯಾಯ. ಆಲ್ಬಮ್ ಬರುವಷ್ಟರಲ್ಲಿ ಅವನು ತೀರಿಕೊಂಡಿದ್ದ. ನನ್ನ ತಕರಾರು ಇರುವುದು ಚಿತ್ರಗಳನ್ನು ಹಂಚಿ ಜೋಡಿಸಿದವರೊಂದಿಗೆ. ಅದೇ 1866ರಲ್ಲಿ ಅದೇ ಪ್ರಕಾಶನದಿಂದ ಬಿಜಾಪುರದ ಆಲ್ಬಮ್ಮೂ ಬಂತು, ಬರಹ ಅದೇ ಇಬ್ಬರದು. ಅದರ ಶೀರ್ಷಿಕೆಯಲ್ಲೇ ಬಿಜಾಪುರ ಒಂದು 'ಪುರಾತನ ಮಹಮದೀಯ ರಾಜಧಾನಿ'. ಕಟ್ಟಡಗಳನ್ನು ಹಿಂದೂ, ಮಹಮದೀಯ ಎಂದು ಧರ್ಮದ ಹೆಸರಿನಲ್ಲಿ ಬೇರ್ಪಡಿಸುವುದು ಫರ್ಗುಸನ್ನನ ಹಳೆಯ ಪದ್ಧತಿ. ಕತ್ತಲೆಯಿಂದಾದ ಕೊರತೆಗೆ ಲೆನ್ಸು ಹೊಣೆ. ಈ ಬೇಲಿಗೆ ಲೆನ್ಸು ಹೊಣೆಯಲ್ಲ.

ಲಕ್ಷ್ಮೇಶ್ವರಕ್ಕೆ ಹೋಗಿ ನೋಡಿ. ಸೋಮೇಶ್ವರ ಗುಡಿ, ಶಂಖ ಬಸದಿ, ಆದಿಲಶಾಹಿ ಕಾಲದ ಮಸೀದಿ ಒಂದೇ ಊರಿನಲ್ಲಿವೆ. ಈ ಊರು ಯಾವ ಆಲ್ಬಮ್ಮಿಗೆ ಸೇರಬೇಕು? ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರನ್ನೇ ಫರ್ಗುಸನ್ ಯಾವ ಕಾಲಮ್ಮಿನಲ್ಲಿ ಬರೆಯುತ್ತಿದ್ದ? ಆಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿಗೂ ಸೇರಿದ್ದವು, ಕಂಪನಿಯ ಧಾರವಾಡ ಜಿಲ್ಲೆಯಲ್ಲಿರಲಿಲ್ಲ ಎನ್ನುವುದು ನಿಜ. ಆದರೆ ಸಂತೆಗೆ, ಉರುಸಿಗೆ, ಜಾತ್ರೆಗೆ ಹೋಗುವ ಜನರಿಗೆ ಆ ಗಡಿ ಎಷ್ಟು ಲೆಕ್ಕಕ್ಕಿತ್ತು? ಕಂಬಗಳ ಚಿತ್ರ ತೆಗೆದ ಮರುವರ್ಷ, 1858ರಲ್ಲಿ, ಮುಂಡರಗಿ ಭೀಮರಾಯ ಕಂಪನಿಯ ವಿರುದ್ಧ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಪ್ರಾಣ ಬಿಟ್ಟ. ಸರಸ್ವತಿ ಗುಡಿಯ ಆ ನಿಶ್ಚಲ ಕಂಬಗಳನ್ನು ನೋಡುವಾಗ ನನಗೆ ಈ ಇಸವಿ ನೆನಪಾಗದೆ ಇರುವುದಿಲ್ಲ.

ಇವತ್ತು ನಾವು ಫೋನೆತ್ತಿ ಒತ್ತಿದರೆ ಕತ್ತಲೆಯೂ ಬೆಳಗಾಗಿ ಬೀಳುತ್ತದೆ. ಆದರೂ ನಮ್ಮ ಪ್ರವಾಸಿ ಕೈಪಿಡಿಗಳು ಗುಡಿಗೊಂದು ಪುಟ, ದರ್ಗಾಕ್ಕೊಂದು ಪುಟ ಎಂದು ಫರ್ಗುಸನ್ನನ ಗೆರೆಯನ್ನೇ ತೀಡುತ್ತಿವೆ. ಎರಡೂ ಆಲ್ಬಮ್ಮುಗಳ ಚಿತ್ರಗಳನ್ನು ಒಂದೇ ಪುಸ್ತಕದಲ್ಲಿ ಕನ್ನಡದ ವಿವರಣೆಯೊಂದಿಗೆ ಯಾರಾದರೂ ತರಬೇಕು. ನಡುವೆ ಲಕ್ಷ್ಮೇಶ್ವರ, ಶಿರಹಟ್ಟಿಗಳ ಒಳಗತ್ತಲೆಯನ್ನು ಹೊಸದಾಗಿ ತೆಗೆದು ಸೇರಿಸಬೇಕು. ಕಾಕಾನ ಮುಂದೆ ಈ ಮಾತು ಎತ್ತಿದೆ. ಬೆಲ್ಲೋಸಿನ ಮಡಿಕೆಯಲ್ಲಿ ಎರಡು ತೂತು ಬಿದ್ದಿವೆಯಂತೆ, ತೇಪೆ ಹಾಕಿಸಿ ಕೊಡುತ್ತೇನೆ ಅಂದಿದ್ದಾರೆ. ಮೇಣದಬತ್ತಿ ಮಾತ್ರ ನಾನೇ ತರಬೇಕಂತೆ.